ದಂಡಿನ ನಾಯಕ ಜೇಜುರಿಗೆ ಹೋದದ್ದು

ನನ್ನ ತಮ್ಮ ಮಾಂತುವಿಗೆ ಎರಡು ನೌಕರಿ. ಪುಣೆ ಕ್ಯಾಂಪಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕ್ಲಾರ್ಕ್. ಅದಕ್ಕೆ ಪಗಾರ ಬರುತ್ತಿತ್ತು. ಇನ್ನೊಂದು, ಆನ್‌ಲೈನ್ ಆಟದ ಕ್ಲಬ್ಬಿನ ನಾಯಕತನ. ಅದಕ್ಕೆ ಬರೀ ಬೈಗುಳ. ೨೦೦೭ರ ಮಾತು. ಕಂಪ್ಯೂಟರಿನಲ್ಲಿ ಕೋಟೆ ಕಟ್ಟುವುದು, ಭಾನುವಾರ ಬೆಳಿಗ್ಗೆ ಎಲ್ಲರೂ ಕೂಡಿ ಇನ್ನೊಂದು ಕ್ಲಬ್ಬಿನ ಕೋಟೆಗೆ ಲಗ್ಗೆ ಹಾಕುವುದು. ಹೆಸರು ಬೇರೆ ನಮ್ಮ ಮನೆದೇವರದೇ: ಮಲ್ಲಯ್ಯನ ದಂಡು! ಆ ದಂಡಿನಲ್ಲಿ ಒಬ್ಬನಿಗೆ ಸಿಟ್ಟು, ಒಬ್ಬನಿಗೆ ಪರೀಕ್ಷೆ, ಇನ್ನೊಬ್ಬ ಹೇಳದೆ ಕೇಳದೆ ನಾಪತ್ತೆ. ಎಲ್ಲರನ್ನೂ ರಮಿಸಿ ರಮಿಸಿ ಇವನ ಮುಖ ಬಾಡಿಹೋಗಿತ್ತು. "ಬಿಟ್ಟಬಿಡಪಾ" ಎಂದರೆ, "ನಾ ಬಿಟ್ಟರ ದಂಡು ಒಡದು ಹೋಗ್ತದ ಅಕ್ಕಾ" ಅನ್ನುತ್ತಿದ್ದ.

ಮನೆ ಒಡೆಯುತ್ತಿದ್ದುದು ಮಾತ್ರ ಪುಣ್ಯಾತ್ಮನ ಕಣ್ಣಿಗೆ ಬೀಳಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಎತ್ತಿಕೊಂಡು ಜೇಜುರಿಯಲ್ಲಿ ಮಲ್ಲಯ್ಯನ ಗುಡ್ಡದ ಮೊದಲ ಕೆಲವು ಮೆಟ್ಟಿಲು ಹತ್ತುವುದು ನಮ್ಮ ಪದ್ಧತಿ. ಶೈಲಾ ನಮ್ಮ ಮನೆಗೆ ಬಂದು ವರ್ಷವಾಗುತ್ತ ಬಂದರೂ ಇವನಿಗೆ ಭಾನುವಾರ ಬಿಡುವಿಲ್ಲ. ಕೊನೆಗೆ ಅವಳು ನನ್ನೆದುರೇ ಹೇಳಿಬಿಟ್ಟಳು: "ಈ ಐತವಾರ ಆಗಲಿಲ್ಲಂದ್ರ ವಿಜಾಪುರಕ್ಕ ನಮ್ಮವ್ವನ ಮನಿಗೆ ಹೋಗ್ತೀನ್ರಿ ಅಕ್ಕಾರ. ಹೊಳ್ಳಿ ಬರೂದಿಲ್ಲ." ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲೂ ಇಲ್ಲ.

ಹೋದೆವು. ದಂಡನ್ನು ಪ್ರಲ್ಹಾದನೆಂಬ ಗೆಳೆಯನಿಗೆ ಒಪ್ಪಿಸಿ ಬಂದಿದ್ದ. ಭಂಡಾರದ ಅರಿಶಿನ ತೂರುವವರ ನಡುವೆ ಶೈಲಾಳನ್ನು ಎತ್ತಿಕೊಂಡು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಅಂಗಿಯ ಕಿಸೆಯಲ್ಲಿ ಮೊಬೈಲ್ ಬಡಿದುಕೊಂಡಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನಿಗೆ ಕೈ ಬಿಡುವಂತಿಲ್ಲ. ಅವಳೇ ತೆಗೆದು ಕಿವಿಗೆ ಹಿಡಿದಳು. ಕೋಟೆಗೆ ಮೊದಲು ಯಾರು ನುಗ್ಗಬೇಕೆಂದು ಇಬ್ಬರು ಜಗಳಕ್ಕೆ ಬಿದ್ದಿದ್ದಾರೆಂದು ಪ್ರಲ್ಹಾದ ಒದರುತ್ತಿದ್ದುದು ನನಗೂ ಕೇಳಿಸಿತು. ಶೈಲಾ ತಣ್ಣಗೆ ಮರಾಠಿಯಲ್ಲಿ ಹೇಳಿದಳು: ಇಬ್ಬರೂ ಬೇಡ, ಏಕನಾಥನನ್ನು ಕಳಿಸಿ, ಹೋದ ವಾರವೂ ಅವನನ್ನು ಹಿಂದೆ ನಿಲ್ಲಿಸಿದ್ದಕ್ಕೆ ಮುನಿಸಿಕೊಂಡಿದ್ದಾನೆ. ಪ್ರಲ್ಹಾದ "ಹೋ ವಹಿನಿ", ಆಯ್ತು ಅತ್ತಿಗೆ, ಎಂದು ಫೋನಿಟ್ಟ.

ಮಾಂತು ಬೆಪ್ಪಾಗಿ ನೋಡಿದ. "ನಿನಗ ಹ್ಯಾಂಗ ಗೊತ್ತು?"

"ಒಂದ ಖೋಲಿ ಮನಿ. ನಿಮ್ಮ ಫೋನಿನ ಮಾತು ದಿನಾ ಕೇಳಾಕತ್ತೀನಲ್ರಿ. ನಿಮ್ಮ ಮಂದಿಗೆ ಯಾರಿಗೆ ಏನ್ ಬೇಕು ನನಗ ಎಲ್ಲಾ ಗೊತ್ತದ. ನನಗೇನ್ ಬೇಕು, ನಿಮಗ ಗೊತ್ತೇನ್ರಿ?"

ಅವನು ಮೆಟ್ಟಿಲ ಮೇಲೆಯೇ ನಿಂತ. ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ.

"ಇಲ್ಲ ಶೈಲಾ. ಹೇಳು."

"ಮೊದಲ ಕೆಳಗ ಇಳಸ್ರಿ. ಹೇಳೂದು ಭಾಳ ಅದ."

ಇಳಿಸಿದ. ಪದ್ಧತಿ ಅರ್ಧಕ್ಕೇ ನಿಂತಿತಲ್ಲ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮೊಬೈಲನ್ನು ನನ್ನ ಚೀಲಕ್ಕೆ ಹಾಕಿ ಇಬ್ಬರೂ ನಡೆದೇ ಹತ್ತತೊಡಗಿದರು. ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ. ಚೀಲದೊಳಗೆ ಅದು ಮತ್ತೆ ಬಡಿದುಕೊಂಡಿತು. ಮಾಂತು ಹೊರಳಿ ನೋಡಲಿಲ್ಲ.