ಖಂಡೇ ಪೂಜೆಯ ಫೋಟೋ

ರಾಚವ್ವ ರೊಟ್ಟಿ ಬುಟ್ಟಿ ಹೊತ್ತು ಸುರಂಗದ ಗೇಟಿಗೆ ಬಂದಳೆಂದರೆ ಕಾವಲಿನ ನಿಜಾಮುದ್ದೀನ ಎದ್ದು ಬಂದು ಬುಟ್ಟಿಗೆ ಕೈ ಕೊಡುತ್ತಿದ್ದ. ಆವತ್ತು ಏಳಲಿಲ್ಲ. ಕುರ್ಚಿಯಲ್ಲೇ ಕೂತು ನೆಲ ನೋಡುತ್ತಿದ್ದ.

"ಯಾಕೋ ನಿಜಾಮ, ರೋಜಾ ಹಿಡ್ದು ಸುಸ್ತಾಗೀಯೇನು? ಮಾರಿ ಬಾಡಿ ಬದನಿಕಾಯಿ ಆಗೇತಿ."

"ರೋಜಾ ಐತಿ, ಭಾಬಿ. ಮಾರಿ ಬಾಡಿದ್ದು ಅದಕ್ಕಲ್ಲ," ಎಂದು ಅವನು ಗದ್ದದಿಂದಲೇ ತಗಡಿನ ಬೇಲಿಯ ಕಡೆ ತೋರಿಸಿದ.

ಬೇಲಿಗೆ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಅದರ ತುಂಬ ಅವಳ ಗಂಡನ ಮುಖ. ಹಣೆಗೆ ಕುಂಕುಮ, ಬರಿದಲೆ, ಹಿಂದೆ ಸುರಂಗದ ಕಪ್ಪು ಬಾಯಿ. ಅದನ್ನು ಕಂಡ ಗಳಿಗೆಯಲ್ಲಿ ರಾಚವ್ವನಿಗೆ ಹಿಗ್ಗೇ ಆಯಿತು. ಯಾಕೆಂದರೆ ಆ ಫೋಟೋ ಕೊಟ್ಟವಳು ಅವಳೇ. ಸೇಫ್ಟಿ ಖಾತೆಯ ಹುಡುಗ ಅಮೋಲ್ ಮನೆತನಕ ಬಂದು, "ಮಾವಶೀ, ಸುರಕ್ಷಾ ಸಪ್ತಾಹ ಐತಿ, ಈರಣ್ಣಾಂದು ಛಲೋ ಫೋಟೋ ಇದ್ರ ಕೊಡ್ರಿ, ದೊಡ್ಡದು ಹಾಕ್ತೀವಿ," ಅಂದಿದ್ದ. ಬೆಳಗಾವಿಯ ಅಜ್ಜಿಯ ಹತ್ತಿರ ಬೆಳೆದ ಮರಾಠಿ ಹುಡುಗ. ಕನ್ನಡ ಆಡುತ್ತಾನೆಂದು ಅವಳಿಗೆ ಅವನ ಮೇಲೊಂದಿಷ್ಟು ಮಮತೆ. ಕಂಪನಿಯವರಿಗೆ ಕೊನೆಗಾದರೂ ತನ್ನ ಗಂಡನ ನೆನಪಾಯಿತಲ್ಲ ಎಂದುಕೊಂಡು, ಮಗಳು ಸೌಮ್ಯಾಳಿಗೆ ಹೇಳಿ ಇದ್ದುದರಲ್ಲೇ ಚೆಂದದ ಫೋಟೋ ಕಳಿಸಿದ್ದಳು.

"ಎಷ್ಟು ಛಂದ ಬಂದೇತೋ ನಿಜಾಮ. ಕೆಳಗ ಏನ್ ಬರದಾರ, ಓದು."

"ನಾ ಓದಂಗಿಲ್ಲ. ಮನೀಗೆ ಹೋಗಿ ಸೌಮ್ಯಾನ ಕೇಳ್ರಿ."

"ಓದು ಅಂದೆ."

ಅವನು ಬೇಲಿಯ ಕಡೆ ನೋಡದೆಯೇ ಹೇಳಿದ. ಬೆಳಗಿನಿಂದ ನೋಡಿ ನೋಡಿ ಬಾಯಿಪಾಠವಾಗಿತ್ತು. "ಇವನಂಗ ನೀವು ಮಾಡಬ್ಯಾಡ್ರಿ. ಇವ ಹೆಲ್ಮೆಟ್ ತಗದ. ಇವತ್ತು ಹಾಸಿಗಿ ಹಿಡದಾನ. ಹಂಗಂತ ಹಿಂದಿಯೊಳಗ ಬರದಾರ, ಭಾಬಿ."

ರಾಚವ್ವ ಬುಟ್ಟಿಯನ್ನು ತಾನೇ ಇಳಿಸಿದಳು. ರೊಟ್ಟಿ ಒಯ್ಯಲು ಬಂದ ಹುಡುಗರಿಗೆ ಆವತ್ತು ಚಟ್ನಿ ಬಡಿಸುವುದನ್ನೂ ಮರೆತಳು.

ಈರಣ್ಣ ಇಂಡಿ ತಾಲೂಕಿನವ. ಮೀಸೆ ಮೂಡುವ ಮೊದಲೇ ಗುಂಪಿನ ಜೊತೆ ಚಂದ್ರಪುರದ ಕಡೆ ಹೋಗಿ ನೆಲದೊಳಗಿನ ಕಲ್ಲಿದ್ದಲ ಗಣಿಗೆ ಇಳಿದಿದ್ದ. ಅಲ್ಲಿ ಅವನು ಕಲಿತದ್ದು ಡ್ರೆಸ್ಸರ್ ಕೆಲಸ. ಮದ್ದು ಹಾರಿಸಿ, ಹೊಗೆ ಕಳೆದ ಮೇಲೆ, ಬೇರೆ ಯಾರೂ ಒಳಗೆ ಕಾಲಿಡುವ ಮುಂಚೆ, ಒಬ್ಬ ಉದ್ದನೆಯ ಹಾರೆ ಹಿಡಿದು ಹೋಗಬೇಕು. ನೆತ್ತಿಯ ಬಂಡೆಯನ್ನು ಬಡಿದು ಕೇಳಬೇಕು. ಗಟ್ಟಿ ಇದ್ದರೆ ಠಣ್ ಎನ್ನುತ್ತದೆ. ಬಿಟ್ಟುಕೊಂಡಿದ್ದರೆ ಒಡೆದ ಗಡಿಗೆಯ ಹಾಗೆ ಬದ್ ಎನ್ನುತ್ತದೆ. ಬದ್ ಎಂದದ್ದನ್ನು ದೂರ ನಿಂತು ಮೀಟಿ ಕೆಡವಬೇಕು. ಆಮೇಲೆಯೇ ಉಳಿದವರು ಒಳಗೆ. ಅದೇ ಗಣಿಯಲ್ಲಿ ಒಮ್ಮೆ ನೆತ್ತಿ ಕುಸಿದು ಅವನ ಜೋಡಿಯವ ಸತ್ತ. ಇವನ ಎಡಭುಜ ಇಳಿಬಿದ್ದು ಹಾಗೆಯೇ ಉಳಿಯಿತು. ಮದುವೆಯಲ್ಲಿ ಬಾಸಿಂಗ ಕಟ್ಟುವಾಗ ಹೆಂಗಸರು, "ವರ ಒಂದು ಕಡಿ ವಾಲ್ಯಾನಲ್ಲಬೇ," ಎಂದು ನಕ್ಕಿದ್ದನ್ನು ರಾಚವ್ವ ಇನ್ನೂ ಹೇಳುತ್ತಾಳೆ.

ಗಣಿ ಮುಚ್ಚಿತು. ಮುಂಬಯಿಯ ಕಂತ್ರಾಟುದಾರನೊಬ್ಬ, ಬಂಡೆಯ ಕೆಳಗೆ ಕೆಲಸ ಮಾಡಿದವರೇ ಬೇಕೆಂದು ಗುಂಪನ್ನು ಕರೆತಂದ. ಮುಲುಂಡಿನ ಗುಡ್ಡದ ಬುಡದಲ್ಲಿ ನೀರಿನ ಸುರಂಗ. ಅದರ ಪಕ್ಕದ ಝೋಪಡಿಯಲ್ಲಿ ರಾಚವ್ವ ಒಲೆ ಹೂಡಿದಳು. ಜೋಳದ ರೊಟ್ಟಿ ಇಲ್ಲದೆ ಬಾಯಿ ಕೆಟ್ಟಿದ್ದ ನಮ್ಮ ಕಡೆಯ ಹುಡುಗರಿಗೆಲ್ಲ ಅವಳ ರೊಟ್ಟಿಯೇ ಊಟವಾಯಿತು. ಸೌಮ್ಯಾ ಇಲ್ಲೇ ಹುಟ್ಟಿ ಇಲ್ಲೇ ಕಾಲೇಜಿಗೂ ಹೋದಳು. ಕನ್ನಡ ಅರ್ಥವಾಗುತ್ತದೆ, ಆಡುವಾಗ ಎಡವುತ್ತಾಳೆ.

ಸಂಕ್ರಮಣ ಕಳೆದ ಮೇಲೆ ಕೆಲಸ ಹಿಂದೆ ಬಿತ್ತೆಂದು ಮೇಲಿನಿಂದ ಒತ್ತಡ ಬಂತು. ಡ್ರೆಸ್ಸರ್ ಒಳಗಿರುವಾಗ ಮಲಬಾ, ಅಂದರೆ ಉದುರಿದ ಕಲ್ಲುಮಣ್ಣು, ಎತ್ತುವ ಮಷಿನ್ ಚಾಲೂ ಮಾಡಬಾರದು. ಇದು ಸುರಂಗಕ್ಕೆ ನಿನ್ನೆ ಬಂದವನಿಗೂ ಗೊತ್ತು. ಆದರೆ ಈರಣ್ಣ ಇನ್ನೂ ಹಾರೆ ಎತ್ತಿ ಬಡಿಯುತ್ತಿದ್ದಾಗಲೇ ಅವನ ಬೆನ್ನ ಹಿಂದೆ ಮಷಿನ್ ತಂದು ನಿಲ್ಲಿಸಿದರು. ಅದು ಗುರ್ ಅನ್ನುತ್ತಲೇ ಇತ್ತು. ಇಲ್ಲಿಯ ಹೆಲ್ಮೆಟ್ಟಿಗೆ ಕಿವಿ ಮುಚ್ಚುವ ಬಟ್ಟಲುಗಳು ಬೇರೆ. ಕಲ್ಲಿನ ಸದ್ದು ಕೇಳದಾಯಿತು. ಈರಣ್ಣ ಹಿಂದೆ ತಿರುಗಿ ಕೈ ಬೀಸಿದ, ಮಷಿನ್ ನಿಲ್ಲಲಿಲ್ಲ. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಕಿವಿಯನ್ನು ಮೇಲೆ ಮಾಡಿ ಇನ್ನೊಮ್ಮೆ ಬಡಿದ. ಬಂಡೆ ಬಿತ್ತು. ಸೊಂಟದ ಮೇಲೆ ಬಿತ್ತು. ತಲೆಗೆ ಒಂದು ತರಚು ಗಾಯವೂ ಇಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಈರಣ್ಣನಿಗೆ ಸೊಂಟದ ಕೆಳಗೆ ಅರಿವಿಲ್ಲ. ಮಂಚದ ಮೇಲೆ ಮಗ್ಗುಲು ಬದಲಿಸಬೇಕೆಂದರೂ ಯಾರಾದರೂ ಹಿಡಿದು ಹೊರಳಿಸಬೇಕು. ಆದರೂ ಗೆಲುವಾಗಿದ್ದ. ಸಂಜೆಯಾದರೆ ಹುಡುಗರು ಬಂದು ಮಂಚದ ಸುತ್ತ ಕೂರುತ್ತಿದ್ದರು. ಅವನ ಹಾರೆ ಈಗ ಹಿಡಿದವನು ರಾಮಪ್ಪ. ಅವನು ಬಂದು, "ಮಾವಾ, ಇವತ್ತು ಇಂಥಾ ಕಡಿ ಬದ್ ಅಂತು," ಎನ್ನುತ್ತಿದ್ದ. ಈರಣ್ಣ ಮಲಗಿದಲ್ಲಿಂದಲೇ ಬೈಯುತ್ತಿದ್ದ, ಹೇಳಿಕೊಡುತ್ತಿದ್ದ. ಇಷ್ಟು ಹೇಳಿದ್ದು ಯಾಕೆಂದರೆ, ಕಾಲು ಹೋದ ಮನುಷ್ಯನಿಗೆ ಉಳಿದಿದ್ದ ಆಸ್ತಿ ಆ ಮರ್ಯಾದೆ ಒಂದೇ. ಕಂಪನಿಯವರು ಬೇಲಿಗೆ ನೇತುಹಾಕಿದ್ದು ಅದನ್ನು.

ಆವತ್ತು ರಾಚವ್ವ ಬುಟ್ಟಿಯನ್ನು ಗೇಟಿನಲ್ಲೇ ಬಿಟ್ಟು, ಸೈಟ್ ನೋಡಿಕೊಳ್ಳುವ ಸಾಹೇಬನ ಕಂಟೇನರಿಗೆ ಹೋದಳು. ಕಂಟೇನರ್ ಎಂದರೆ ಎ.ಸಿ. ಹಾಕಿದ ತಗಡಿನ ಡಬ್ಬಿ, ಸೈಟಿನ ಆಫೀಸು. ಸಾಹೇಬ ಎದ್ದು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಅವನ ಹಿಂದಿಯನ್ನು ಅಮೋಲ್ ಕನ್ನಡ ಮಾಡಿ ಹೇಳುತ್ತಾ ಹೋದ, ಇಷ್ಟು ವರ್ಷ ಮುಂಬಯಿಯಲ್ಲಿದ್ದ ಅವಳಿಗೆ ಅದರ ಅಗತ್ಯವೇನೂ ಇರಲಿಲ್ಲ.

"ಬೇರೆಯವರ ಜೀವ ಉಳೀಲಿ ಅಂತ ಹಾಕಿದ್ದಂತ, ಮಾವಶೀ. ಹೆಸರು ಹಾಕಿಲ್ಲಲ್ಲ ಅಂತಾರ."

"ಹೆಸರು ಬಿಟ್ಟು ಮಾರಿ ಹಾಕೀರಿ. ಅಂವನ್ನ ಇಲ್ಲಿ ಯಾರು ಹೆಸರಿನಿಂದ ಗುರುತು ಹಿಡೀತಾರ? ಕೇಳು ಅವರನ್ನ, ಕಲ್ಲು ಎಲ್ಲಿ ಬಿತ್ತು?"

ಅಮೋಲ್ ಹಿಂದಿ ಮಾಡಿ ಕೇಳಬೇಕಾಗಲಿಲ್ಲ, ಕನ್ನಡದ ಆಳುಗಳ ನಡುವೆ ಇದ್ದ ಸಾಹೇಬನಿಗೆ ಅಷ್ಟು ತಿಳಿಯುತ್ತಿತ್ತು. ಸಾಹೇಬ ತನ್ನ ಸೊಂಟದ ಹತ್ತಿರ ಕೈ ತೋರಿಸಿದ.

"ಸೊಂಟಕ್ಕ ಹಾಕ್ಕೊಳ್ಳೂ ಹೆಲ್ಮೆಟ್ಟು ಯಾವಾಗ ಕೊಟ್ಟಿದ್ರಿ?"

ಸಾಹೇಬ, ಹಾಗಾದರೆ ಹೆಲ್ಮೆಟ್ ತೆಗೆದದ್ದು ಸುಳ್ಳೇ ಎಂದು ಕೇಳಿದ.

"ಖರೇನ ತಗದಾನ. ಯಾಕ ತಗದ? ಆ ಮಷಿನ್ ಚಾಲೂ ಮಾಡಂದವರು ಯಾರು? ಅವರ ಮಾರಿ ಎಲ್ಲಿ ಹಾಕೀರಿ, ತೋರಸ್ರಿ. ಅದಕ್ಕೂ ಒಂದು ಊದಿನಕಡ್ಡಿ ಹಚ್ಚಿ ಬರ್ತೀನಿ."

ಸಾಹೇಬ ಮೊಬೈಲ್ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದ. ಅಮೋಲ್ ಅವಳನ್ನು ಹೊರಗೆ ಕರೆತಂದು ನೀರಿನ ಬಾಟಲಿ ಮುಂದೆ ಹಿಡಿದ. "ಮೇಲಿಂದ ಬಂದದ್ದು, ಮಾವಶೀ. ನಂದೇನೂ ನಡ್ಯಂಗಿಲ್ಲ."

"ನನ್ನ ಮನಿಯಾಗ ಚಾ ಕುಡದು ಫೋಟೋ ಒಯ್ದೆಲ್ಲ, ಅದೂ ಮೇಲಿಂದ ಬಂದಿತ್ತೇನು?" ಎಂದಳು. ನೀರು ಮುಟ್ಟಲಿಲ್ಲ.

ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪಿತ್ತು. ಈರಣ್ಣ ತೊಲೆ ನೋಡುತ್ತಾ ಮಲಗಿದ್ದ.

"ತಲಿಗೇಡಿ ಅಂತ ಹಾಕ್ಯಾರಂತ?"

"ಹಾಕ್ಕೊಳ್ಳಲಿ. ಅವರ ಬಾಯಾಗ ಮಣ್ಣು ಬೀಳ್ಲಿ."

"ಸೌಮ್ಯಾನವ್ವ, ನನ್ನ ಆ ಕಡಿ ಹೊಳ್ಳಸು."

ಅವಳು ಅವನನ್ನು ಗೋಡೆಯ ಕಡೆ ಹೊರಳಿಸಿದಳು. ಗೋಡೆಗೆ ಮುಖ ಮಾಡಿಕೊಳ್ಳುವುದಕ್ಕೂ ಅವನಿಗೆ ಅವಳ ಕೈ ಬೇಕಿತ್ತು. ಸಂಜೆ ಹುಡುಗರು ಬಂದಾಗ ಈ ಕಡೆ ತಿರುಗಲಿಲ್ಲ. ರಾಮಪ್ಪ "ಮಾವಾ" ಎಂದು ಕರೆದ, ಮತ್ತೊಮ್ಮೆ ಕರೆದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದ. ಮರುದಿನ ಯಾರೂ ಬರಲಿಲ್ಲ.

ರಾಚವ್ವನಿಗೆ ಕಂಪನಿಯ ಮೇಲೆ ಎಷ್ಟು ಸಿಟ್ಟಿತ್ತೋ ತನ್ನ ಮೇಲೂ ಅಷ್ಟೇ ಇತ್ತು. ಇದ್ದುದರಲ್ಲೇ ಚೆಂದದ್ದು ಎಂದು ಕೊಟ್ಟ ಆ ಫೋಟೋ ಖಂಡೇ ಪೂಜೆಯದು. ದಸರೆಯಲ್ಲಿ ಆಯುಧಕ್ಕೆ ಪೂಜೆ ಮಾಡುವುದು ನಮ್ಮ ಕಡೆಯವರು ಎಲ್ಲಿ ಹೋದರೂ ಬಿಡದ ರೂಢಿ. ಸುರಂಗದ ಬಾಯಲ್ಲಿ ಕಂಬಳಿ ಹಾಸಿ, ಹಾರೆ, ಗುದ್ದಲಿ, ಬ್ಯಾಟರಿ ದೀಪಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಹೆಲ್ಮೆಟ್ಟೂ ಆಯುಧವೇ. ಅದನ್ನು ತೆಗೆದು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ, ಬರಿದಲೆಯಲ್ಲಿ ಕೈಮುಗಿದು ನಿಂತಾಗ ತೆಗೆದದ್ದು. ಪೂಜೆಗೆ ಕೂತ ಹೆಲ್ಮೆಟ್ಟನ್ನು ಫೋಟೋದಿಂದ ಕತ್ತರಿಸಿ ಬಿಸಾಕಿ, ಬರಿದಲೆಯನ್ನು ಮಾತ್ರ ಇಟ್ಟುಕೊಂಡು, ನೋಡಿರಿ ಇವನ ಅವತಾರ ಎಂದು ಊರಿಗೆ ತೋರಿಸಿದ್ದರು.

"ಸೌಮ್ಯಾ, ಮೊಬೈಲ್ ತಾ. ಪೂರಾ ಫೋಟೋ ತೋರಸು."

ಸೌಮ್ಯಾ ತೋರಿಸಿದಳು. ರಾಚವ್ವ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಈರಣ್ಣನ ಮುಂದೆ ಹಳದಿ ಹೆಲ್ಮೆಟ್. ಅದರ ಪಕ್ಕದಲ್ಲಿ ಒಂದು ಬಿಳಿ ಹೆಲ್ಮೆಟ್, ಅದಕ್ಕೂ ಕುಂಕುಮ, ಅದಕ್ಕೂ ಹೂವು. ಬಿಳಿಯದು ಸಾಹೇಬರದು. ಹೆಲ್ಮೆಟ್ಟಿನ ಹಿಂದೆ ಸಾಹೇಬನೂ ಇದ್ದ. ಕೈಮುಗಿದು, ಕಣ್ಣು ಮುಚ್ಚಿ, ಬೋಳು ತಲೆ ಫಳಫಳ ಹೊಳೆಸುತ್ತಾ.

"ಇದನ್ನ ಅವರಷ್ಟ ದೊಡ್ಡದು ಮಾಡಸೋದು ಎಲ್ಲಿ?"

"ಅವ್ವಾ, ಪ್ರಾಬ್ಲಮ್ ಆಗ್ತದ. ಅವರು ನಿಂದು ರೊಟ್ಟಿ ಬಂದ್ ಮಾಡಿಬಿಡ್ತಾರ. ಸೋಚ್ ಲೇ."

"ಸೋಚಿಸಿ ಸೋಚಿಸಿನ ನಿಮ್ಮಪ್ಪ ಗ್ವಾಡಿ ನೋಡ್ಕೋತ ಮಲಗ್ಯಾನ. ಏಳು, ಚಪ್ಪಲಿ ಹಾಕ್ಕೋ."

ಲೋಕಲ್ ಹಿಡಿದು ದಾದರಿಗೆ ಹೋದರು. ಬ್ಯಾನರಿನ ಅಂಗಡಿಯ ಹುಡುಗ ಫೋಟೋ ನೋಡಿ, ಯಾರ ಹುಟ್ಟುಹಬ್ಬ, ಶುಭೇಚ್ಛಾ ಅಂತ ಬರೆಯಲೇ, ಸುತ್ತ ಹೂವಿನ ಅಂಚು ಹಾಕಲೇ ಎಂದು ಮರಾಠಿಯಲ್ಲಿ ಕೇಳಿದ. ಮುಂಬಯಿಯಲ್ಲಿ ಫ್ಲೆಕ್ಸ್ ಎಂದರೆ ಹುಟ್ಟುಹಬ್ಬವೇ ತಾನೆ. "ಹೂವು ಬ್ಯಾಡ. ಸಾಹೇಬ್ರ ತಲಿ ಸ್ವಚ್ಛ ಕಾಣ್ಬೇಕು, ಅಷ್ಟ ಮಾಡು," ಎಂದಳು ರಾಚವ್ವ. ಕೆಳಗೆ ಏನು ಬರೆಯಬೇಕೆಂದು ಅವಳು ಹೇಳಿದಳು, ಸೌಮ್ಯಾ ಹಿಂದಿಯಲ್ಲಿ ಟೈಪ್ ಮಾಡಿಸಿದಳು. ಬರುವಾಗ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುತ್ತಿದ ಫ್ಲೆಕ್ಸನ್ನು ನೆಟ್ಟಗೆ ಹಿಡಿದು ನಿಂತಳು, ಈರಣ್ಣ ಹಾರೆ ಹಿಡಿದು ನಿಲ್ಲುತ್ತಿದ್ದ ಹಾಗೆ. ತಳ್ಳಿ ಬಂದವಳೊಬ್ಬಳು ಅವಳ ಮುಖ ನೋಡಿ ಆಚೆ ಸರಿದಳು.

ಬೆಳಗಿನ ಪಾಳಿಗೆ ಮುಂಚೆ ಗೇಟಿನ ಹತ್ತಿರ ಹೋದಾಗ ನಿಜಾಮುದ್ದೀನ ಸುರುಳಿ ನೋಡಿಯೇ ತಿಳಿದುಕೊಂಡ.

"ಭಾಬಿ, ಈ ಬೇಲಿಗೆ ಕಟ್ಟಿದ್ರ ನನ್ನ ನೌಕರಿ ಹೋಗ್ತೇತಿ."

"ನಿನ್ನ ಬೇಲಿ ಯಾರಿಗೆ ಬೇಕಾಗೇತೋ?"

ಅವನು ರಸ್ತೆಯ ಆಚೆ ನೋಡಿದ. ಅವಳು ರೊಟ್ಟಿ ಮಾರಲು ಕೂರುವ ಗುಲ್‌ಮೊಹರ್ ಗಿಡ, ಅದರ ಪಕ್ಕದಲ್ಲಿ ಲೈಟಿನ ಕಂಬ. "ಆ ಕಡಿ ನನ್ನ ಡ್ಯೂಟಿ ಅಲ್ಲ," ಎಂದು ತನ್ನ ಕುರ್ಚಿಯನ್ನು ಎತ್ತಿ ಕೊಟ್ಟ. "ಹತ್ತಿ ಕಟ್ರಿ. ಬೀಳಬ್ಯಾಡ್ರಿ ಮತ್ತ, ನಿಮ್ಮದೂ ಒಂದು ಫ್ಲೆಕ್ಸ್ ಹಾಕ್ತಾರ."

ಪಾಳಿಯ ಹುಡುಗರು ಬಂದರು. ಒಂದು ಕಡೆ ಬೇಲಿಯ ಮೇಲೆ ಈರಣ್ಣನೊಬ್ಬನೇ. ಎದುರಿಗೆ ಗಿಡದ ಕೆಳಗೆ ಅದೇ ಈರಣ್ಣ, ಅದೇ ಕುಂಕುಮ, ಪಕ್ಕದಲ್ಲಿ ಸಾಹೇಬ. ಕೆಲವರು ಆ ಕಡೆ ಈ ಕಡೆ ತಿರುಗಿ ತಿರುಗಿ ನೋಡಿದರು.

"ಲೇ, ಸಾಹೇಬ್ರ ಹೆಲ್ಮೆಟ್ ಎಲ್ಲೇತಲೇ?"

"ಅಲ್ಲೇತಲ್ಲ, ದೇವ್ರ ಮುಂದ. ದೇವ್ರು ಹಾಕ್ಕೊಂಡ ಹೋಗ್ತಾನಂತ."

ನಗೆ ಎದ್ದಿತು. ರಾಮಪ್ಪ ನಗಲಿಲ್ಲ. ಕೆಳಗಿನ ಬರಹವನ್ನು ಅವನು ಗಟ್ಟಿಯಾಗಿ ಓದಿದ. "ಕಲ್ಲು ಬಿದ್ದದ್ದು ಸೊಂಟದ ಮೇಲೆ. ಮಷಿನ್ ನಿಲ್ಲಿಸಿದ್ದರೆ ಇವನು ಇವತ್ತು ನಿಮ್ಮ ಜೊತೆ ನಡೆಯುತ್ತಿದ್ದ." ನಗೆ ನಿಂತಿತು. ರಾಮಪ್ಪ ಗೇಟಿನೊಳಗೆ ಹೋಗಿ ಹಾರೆಯನ್ನು ನೆಲಕ್ಕೆ ಊರಿ ಅಮೋಲನ ಮುಂದೆ ಕೂತ.

"ಮಷಿನ್ ಬಂದ್ ಆಗೂಮಟ ನಾ ಒಳಗ ಹೋಗಂಗಿಲ್ಲ. ನೀವ ಹೋಗಿ ಬಡದು ಬರ್ರಿ, ನಿಮ್ಮ ತಲೀಗೆ ಹೆಲ್ಮೆಟ್ ಐತೆಲ್ಲ."

ಮಧ್ಯಾಹ್ನದ ಊಟದ ಹೊತ್ತಿಗೆ ಬೇಲಿಯ ಮೇಲಿನ ಫ್ಲೆಕ್ಸ್ ಇಳಿದಿತ್ತು. ಅಮೋಲ್ ರಸ್ತೆ ದಾಟಿ ಬಂದ.

"ನಮ್ದು ತಗದೀವಿ, ಮಾವಶೀ. ಸಾಹೇಬ್ರು ನಿಮ್ದೂ ತಗೀರಿ ಅಂದಾರ. ಹಿಸಾಬ್ ಬರಾಬರ್ ಅಂತ."

"ಬರಾಬರ್? ಹಂಗಾದ್ರ ಸಾಹೇಬ್ರನ್ನ ಒಂದು ದಿನ ಮಂಚದ ಮ್ಯಾಲೆ ಮಲಗಸು, ನಾ ಹೊಳ್ಳಸ್ತೀನಿ." ಅವಳು ರೊಟ್ಟಿ ಎಣಿಸುವುದನ್ನು ನಿಲ್ಲಿಸಲಿಲ್ಲ. "ನೀವು ಇಳಿಸಿದ್ದು ನಾಚಿಕಿಗೆ. ದಿನಾ ಆ ಮಷಿನ್ ತಾನಾಗೇ ನಿಲ್ಲಾಕ ಹತ್ತಿದಾಗ ನಂದು ಇಳೀತೇತಿ. ಹೋಗಿ ಹೇಳು."

ಆವತ್ತು ಸಂಜೆ ಮನೆಗೆ ಬಂದು ಈರಣ್ಣನ ಬೆನ್ನಿಗೆ ಎಲ್ಲವನ್ನೂ ಹೇಳಿದಳು. ಅವನು ಗೋಡೆ ನೋಡುತ್ತಲೇ ಕೇಳಿದ. ಕೊನೆಗೆ, "ಸಾಹೇಬನ ಬೋಳುತಲಿ ಕಾಣ್ತೇತೇನು?" ಎಂದ.

"ಹುಣ್ಣಿವಿ ಚಂದ್ರಾಮನಂಗ."

ಅವನ ಹೆಗಲು ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡಳು. ನಗುತ್ತಿದ್ದ.

"ನನ್ನ ಈ ಕಡಿ ಹೊಳ್ಳಸು. ರಾಮ್ಯಾ ಬಂದ್ರ ಒಳಗ ಕರಿ. ಆ ಎಡಗಡಿ ಕಲ್ಲಿನ ಬಗ್ಗೆ ಹೇಳೂದೈತಿ."

ಮರುದಿನ ಹೋಗಿ ನೋಡಿದರೆ ಯಾರೋ ಫ್ಲೆಕ್ಸಿಗೆ ಬ್ಲೇಡ್ ಎಳೆದಿದ್ದರು. ಸಾಹೇಬನ ನೆತ್ತಿಯಿಂದ ಈರಣ್ಣನ ಎದೆಯವರೆಗೆ ಸೀಳಿತ್ತು. ನಿಜಾಮುದ್ದೀನ ತಾನು ನಮಾಜಿಗೆ ಹೋಗಿದ್ದೆ ಎಂದು ಆಣೆ ಮಾಡಿದ. ರಾಚವ್ವ ಅವನನ್ನೂ ಬೈದಳು, ಕಂಪನಿಯನ್ನೂ ಬೈದಳು. ಮನೆಗೆ ಹೋಗಿ ಕೌದಿ ಹೊಲಿಯುವ ದಬ್ಬಣ, ದಪ್ಪ ಕೆಂಪು ದಾರ ತಂದು ಗಿಡದ ಕೆಳಗೆ ಕಾಲು ಚಾಚಿ ಕೂತಳು. ಹುಡುಗರು ರೊಟ್ಟಿಗೆ ಕಾದು ನಿಂತರು. ಹೊಲಿಗೆ ಮುಗಿಸಿ, ಹಲ್ಲಿನಿಂದ ದಾರ ಕಡಿದು, ಮತ್ತೆ ಕಟ್ಟಿಯೇ ರೊಟ್ಟಿ ಕೊಟ್ಟಳು.

ಅದು ಇನ್ನೂ ಅಲ್ಲಿದೆ. ಬಿಸಿಲಿಗೆ ಬಣ್ಣ ಹಾರಿದೆ, ಸಾಹೇಬನ ತಲೆಯ ಮೇಲಿನ ಕೆಂಪು ಹೊಲಿಗೆ ಮಾತ್ರ ದೂರದಿಂದಲೂ ಕಾಣುತ್ತದೆ. ಒಳಗೆ ಮಷಿನ್ ಕೆಲವು ದಿನ ನಿಲ್ಲುತ್ತದೆ, ಕೆಲವು ದಿನ ನಿಲ್ಲುವುದಿಲ್ಲ. ನಿಲ್ಲದ ದಿನ ರಾಮಪ್ಪ ಹಾರೆ ಹಿಡಿದು ಹೊರಗೆ ಬಂದು, ರಾಚವ್ವನ ಬುಟ್ಟಿಯ ಪಕ್ಕ ಕೂರುತ್ತಾನೆ. ಅವಳು ಅವನಿಗೆ ರೊಟ್ಟಿ ಬಡಿಸಿ, ಗೇಟಿನ ಕಡೆ ಮುಖ ಮಾಡಿ, ಒಳಗಿನವರಿಗೆ ಕೇಳುವ ಹಾಗೆ ಬೈಯಲು ಶುರುಮಾಡುತ್ತಾಳೆ.