ಅಧ್ಯಕ್ಷರಿಗೆ ಎಡೆ ಯಾರಿಕ್ತಾರೆ?

ಅಮೆರಿಕದ ಅಧ್ಯಕ್ಷರು ನೀರಿನಲ್ಲಿ ಮುಳುಗುವುದಿಲ್ಲ. ಮಾರ್ಕೋನಹಳ್ಳಿ ಜಲಾಶಯದ ದಡದಲ್ಲಿ ನಿಂತು ನಾನೇ ನೋಡಿದೆ. ತೇಲುತ್ತಾರೆ. ಒಬ್ಬೊಬ್ಬರನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಟ್ಟಿದ್ದನಲ್ಲ ನಾಗರಾಜ!

ನಾಗರಾಜ ನನ್ನ ಗೆಳೆಯ. ಸದಾಶಿವನಗರದಲ್ಲಿ ನಮ್ಮ ಪಕ್ಕದ ಮನೆ, ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಅವನಿಗಿದ್ದ ಹುಚ್ಚು ಒಂದೇ: ಬೇಸ್‌ಬಾಲ್ ಚೆಂಡು ಹಿಡಿದ ಅಮೆರಿಕದ ಅಧ್ಯಕ್ಷರ ಕಾರ್ಡುಗಳು. (ಅಲ್ಲಿ ಪಂದ್ಯದ ಮೊದಲ ಚೆಂಡನ್ನು ಅಧ್ಯಕ್ಷರಿಂದ ಎಸೆಸುವ ರೂಢಿಯಿದೆ. ನಮ್ಮಲ್ಲಿ ಶಾಸಕರು ಟೇಪ್ ಕತ್ತರಿಸಿದ ಹಾಗೆ.) ಆ ಆಟವನ್ನು ಅವನು ಮೈದಾನದಲ್ಲಿ ಒಮ್ಮೆಯೂ ನೋಡಿದವನಲ್ಲ. ಕಾರ್ಡುಗಳನ್ನು ಮಾತ್ರ ಆನ್‌ಲೈನ್‌ನಲ್ಲಿ ತರಿಸುತ್ತಿದ್ದ. ಪಾರ್ಸೆಲ್ ಬಂದಾಗೆಲ್ಲ ಹೆಂಡತಿ ಸುಮಾ ನಗುತ್ತಿದ್ದಳು: "ಬಂದ್ರು ನೋಡಿ, ನಿಮ್ ಬೀಗರು!"

ಸುಮಾಳ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ನೋಡಿಕೊಳ್ಳಲು ಗುಬ್ಬಿಯಿಂದ ನಾಗರಾಜನ ಅಕ್ಕ ಬಂದರು. ನಾನು ಅಲ್ಲೇ ಕೂತಿದ್ದಾಗ, ಬೀರು ಒರೆಸುತ್ತಿದ್ದ ಅವರಿಗೆ ಕಾರ್ಡಿನ ಡಬ್ಬಿ ಸಿಕ್ಕಿತು.

"ಯಾರ್ಲಾ ಇವ್ರೆಲ್ಲ?"

"ಅಮೆರಿಕ ಆಳ್ದೋರು ಕಣಕ್ಕ."

"ಬದುಕವ್ರಾ?"

"ಸುಮಾರು ಜನ ಹೋಗವ್ರೆ."

ಅಕ್ಕ ಡಬ್ಬಿಯನ್ನು ಕೆಳಗಿಟ್ಟರು. "ಸತ್ತೋರ ಫೋಟೊ ಮನೇಲಿಟ್ರೆ ಪಿತೃಪಕ್ಷದಲ್ಲಿ ಎಡೆ ಇಕ್ಬೇಕು ಕಣೋ. ಇವ್ರಿಗೆ ಯಾರಿಕ್ತಾರೆ? ಹಸ್ಕೊಂಡ್ ಕೂತವ್ರೆ. ಅದ್ಕೇ ನಿನ್ ಹೆಂಡ್ತಿಗೆ ಒಂದ್ ತುತ್ತು ಇಳೀತಿಲ್ಲ."

ನಾಗರಾಜ ನಕ್ಕ. ನಾನೂ ನಕ್ಕೆ. ಆದರೆ ಕೀಮೊ ಆದ ಮೇಲೆ ಸುಮಾ ಗಂಜಿಯನ್ನೂ ಕಾರಿಕೊಂಡಳಲ್ಲ, ಆಗ ನಗಲು ಯಾರಿಂದಾದೀತು?

ಒಂದು ಭಾನುವಾರ ಡಬ್ಬಿ ಹಿಡಿದು ನಾವು ಮೂವರೂ ನನ್ನ ಕಾರಿನಲ್ಲಿ ಕುಣಿಗಲ್ ದಾಟಿ ಆ ಜಲಾಶಯಕ್ಕೆ ಹೋದೆವು. ಹಳೆಯ ದೇವರ ಪಟಗಳನ್ನು ನೀರಿಗೆ ಬಿಡುತ್ತೇವಲ್ಲ, ಹಾಗೆಯೇ ಅಕ್ಕ ಪ್ರತಿ ಕಾರ್ಡಿಗೂ ಅರಿಶಿನ ಕುಂಕುಮ ಹಚ್ಚಿ ಕೊಟ್ಟರು. ನಾಗರಾಜ ಮೊಣಕಾಲುದ್ದ ನೀರಿನಲ್ಲಿ ನಿಂತು ಬಿಡುತ್ತಾ ಹೋದ. ಗಾಳಿಗೆ ಅವು ದಡಕ್ಕೇ ವಾಪಸ್ ಬಂದವು. "ಒಳಕ್ಕೆ ತಳ್ಳೋ" ಎಂದರು ಅಕ್ಕ. ತಳ್ಳಿದ.

ಸುಮಾ ಉಳಿಯಲಿಲ್ಲ.

ತಿಥಿಯ ಊಟ ಮುಗಿದ ಮೇಲೆ ನಾಗರಾಜ ನನ್ನನ್ನು ಹಿತ್ತಲಿಗೆ ಕರೆದು ಪರ್ಸ್ ತೆರೆದ. ಒಳಗೊಂದು ಕಾರ್ಡ್. ಟೋಪಿ ಹಾಕಿದ ಅಧ್ಯಕ್ಷ, ಎತ್ತಿದ ಕೈ, ಬಿಳಿ ಚೆಂಡು.

"ಇದೊಂದನ್ನ ಬಿಡಕ್ಕೆ ಮನಸ್ಸು ಬರ್ಲಿಲ್ಲ ಕಣೋ. ಸುಮಾನೇ ಬರ್ತ್‌ಡೇಗೆ ತರಿಸ್ಕೊಟ್ಟಿದ್ದು. ಅಕ್ಕಂಗೆ ಗೊತ್ತಿಲ್ಲ. ಇದನ್ನೂ ಬಿಟ್ಟಿದ್ರೆ ಅವ್ಳು ಉಳೀತಿದ್ಲಾ?"

"ಅದು ಕ್ಯಾನ್ಸರ್ ಕಣೋ" ಅಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಮೊದಲಿಂದ ಹೇಳಿದೆ. ಕೇಳಿಸಿಕೊಂಡ. ತಲೆಯಾಡಿಸಿದ. ಆಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ.

ಅಕ್ಕ ಕೆಟ್ಟವರಲ್ಲ. ಕೊನೆಯ ದಿನದವರೆಗೂ ಸುಮಾಳ ವಾಂತಿ ಬಳಿದವರು ಅವರೇ. ತಾವು ಆಡಿದ ಮಾತು ತಮ್ಮನ ಒಳಗೆ ಏನು ಮಾಡುತ್ತಿದೆ ಎಂಬುದು ಅವರಿಗೆ ತಿಳಿದೇ ಇಲ್ಲ. ಅವನು ಮಾತ್ರ ಈಗ ನಮ್ಮ ಬೀದಿಯಲ್ಲಿ, ಹೆಂಡತಿಯನ್ನು ಕೊಂದವನ ಹಾಗೆ ತಲೆ ತಗ್ಗಿಸಿ ನಡೆಯುತ್ತಾನೆ.

ಇದಕ್ಕೆ ಔಷಧಿ ಕೊಡುವ ಡಾಕ್ಟರು ಯಾವ ಆಸ್ಪತ್ರೆಯಲ್ಲಿದ್ದಾರೆ, ಹೇಳಿ?