ಉಳಿದ ಹೊಗೆಯ ಲೆಕ್ಕದಲ್ಲಿ ನನ್ನ ಮಿಕ್ಸಿ

ಸ್ನೇಹಿತರೇ, ಬಜಪೆಯ ಚರ್ಚ್ ಹಾಲಿನ ರಿಪೇರಿ ಶಿಬಿರದಲ್ಲಿ ಇವತ್ತು ನನ್ನ ಹಳೇ ಮಿಕ್ಸಿ ಮತ್ತೆ ತಿರುಗಿತು. "ಆಂಟಿ, ನೀವು ಹೊಸತು ತೆಗೊಳ್ಳುವುದು ತಪ್ಪಿತಲ್ಲ, ಅದನ್ನು ತಯಾರಿಸುವಾಗ ಫ್ಯಾಕ್ಟರಿ ಬಿಡುವ ಹೊಗೆಯೂ ಉಳೀತು" ಎನ್ನುತ್ತಾ ಶಿಬಿರದ ಹುಡುಗಿ, ಉಳಿಸಿದ ಹೊಗೆಯ ಲೆಕ್ಕ ಬರೆದಿದ್ದ ಬೋರ್ಡಿಗೆ ನನ್ನದನ್ನೂ ಸೇರಿಸಿದಳು. ಎಲ್ಲರೂ ಚಪ್ಪಾಳೆ ಹೊಡೆದರು.

ಪಕ್ಕದಲ್ಲಿದ್ದ ನನ್ನ ಗಂಡ ಕಿವಿಯ ಹತ್ತಿರ ಬಂದು, "ನಿನ್ನೆ ಹಂಪನಕಟ್ಟೆಯ ಅಂಗಡಿಯಿಂದ ಹೊಸತು ತಂದಿಯಲ್ಲ, ಆ ಮಿಕ್ಸಿಯ ಹೊಗೆ ಎಲ್ಲಿ ಹೋಯ್ತು ಮಾರಾಯ್ತಿ?" ಎಂದರು.

ಹಳೆಯದು ರಿಪೇರಿ ಆಗದಿದ್ದರೆ ಎಂಬ ಹೆದರಿಕೆಗೆ ಮೊದಲೇ ಹೊಸತು ತಂದಿಟ್ಟಿದ್ದೆ. ಮನಸ್ಸು ತಡೆಯದೆ ಹುಡುಗಿಗೆ ಹೇಳಿಬಿಟ್ಟೆ. "ಹಾಗಾದ್ರೆ ಎಂತದೂ ಉಳೀಲಿಲ್ಲ ಆಂಟಿ" ಎಂದು ಬೋರ್ಡಿನಲ್ಲಿ ನನ್ನ ಲೆಕ್ಕವನ್ನು ಒರೆಸಿದಳು. ಅವಳ ಮುಖ ಬಾಡಿತ್ತು.

ಈಗ ಅಡುಗೆಮನೆಯಲ್ಲಿ ಎರಡು ಮಿಕ್ಸಿಗಳೂ ಕಣ್ಣೆದುರಿಗಿವೆ. ಯಾವುದಕ್ಕೂ ಕೈ ಹೋಗಲಿಲ್ಲ. ಬಂಗುಡೆ ಮೀನಿನ ಮಸಾಲೆಯನ್ನು ಅಜ್ಜಿಯ ಕಲ್ಲಿನಲ್ಲೇ ಅರೆದೆ.